ಬಾಳೆಪಟ್ಟೆ ತಟ್ಟೆಯ ನಾಲ್ಕು ಸೋಮವಾರ

ಕಳೆದ ವಾರ ತಿ. ನರಸೀಪುರದಲ್ಲಿ ನನ್ನ ಹೆಂಡತಿಯ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ. ಹೊಳೆಯ ಕಡೆಗೆ ಕಿಟಕಿ ಇರುವ ಛತ್ರ. ಊಟಕ್ಕೆ ಕೂತೆವು. ಬಡಿಸುವವನು ಅನ್ನದ ಮೇಲೆ ಬಿಸಿ ಹುಳಿ ಹುಯ್ದದ್ದೇ ತಡ, ತಟ್ಟೆಯಿಂದ ಒಂದು ವಾಸನೆ ಎದ್ದಿತು. ಒಣಹುಲ್ಲಿನ ಮೆದೆಗೆ ಮಳೆಯ ಮೊದಲ ಹನಿ ಬಿದ್ದಾಗ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ಅದರ ಹಿಂದೆ ಹುರಿದ ಹುಣಸೆಬೀಜದ ಘಮ. ನನ್ನ ಕೈ ಅಲ್ಲಿಗೇ ನಿಂತಿತು. ತಟ್ಟೆಯ ಅಂಚನ್ನು ಒಂದಿಷ್ಟು ಎತ್ತಿ, ಬಗ್ಗಿ ಅಡಿ ನೋಡಿದೆ. ಒಂದರ ಮೇಲೊಂದು ಅಡ್ಡಡ್ಡ ಕೂತ ಬಾಳೆಪಟ್ಟೆಗಳು, ಗೆರೆಗೆರೆಯ ಕಂದು ಮೈ. ಅಂಚಿನಲ್ಲಿ ಎದುರುಬದುರಾಗಿ ಹೆಬ್ಬೆರಳು ಕೂರುವಷ್ಟು ಅಗಲದ ಎರಡು ತಗ್ಗು. ಆ ತಗ್ಗನ್ನು ಅಚ್ಚಿನಲ್ಲಿ ಕೊರೆದವನು ನಾನೇ.

"ಏನ್ರೀ ಅದು, ಊಟದ ಮುಂದೆ ಕೂತ್ಕೊಂಡು ತಟ್ಟೆ ಅಡೀಲಿ ಏನು ಹುಡುಕ್ತಿದೀರಿ?" ಎಂದು ಪಕ್ಕದಲ್ಲಿದ್ದ ಪ್ರೇಮಾ ಮೊಣಕೈಯಲ್ಲಿ ತಿವಿದಳು.

"ಪರಿಚಯದವರು" ಎಂದೆ. ಅವಳು ಹಣೆ ಚಚ್ಚಿಕೊಂಡು ಪಾಯಸದ ಕಡೆ ತಿರುಗಿದಳು.

ನಾನು ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಸಣ್ಣ ವರ್ಕ್‌ಶಾಪಿನ ಫಿಟ್ಟರು. ಎಲೆ, ಹಾಳೆ, ಪಟ್ಟೆಗಳನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಯಂತ್ರಗಳನ್ನು ನಾವು ತಯಾರಿಸುತ್ತೇವೆ. ಕೊಂಡವರ ಊರಿಗೆ ಹೋಗಿ ಯಂತ್ರ ಕೂಡಿಸಿ, ಒಂದು ದಿನ ಕಲಿಸಿ, ಸಂಜೆ ಬಸ್ಸು ಹತ್ತುವುದು ನನ್ನ ಕೆಲಸ. ಐದಾರು ವರ್ಷದ ಹಿಂದೆ ಹುಲ್ಲಹಳ್ಳಿಯಿಂದ ಮುಂದೆ ನಾಲೆ ಬದಿಯ ಒಂದು ಊರಿಗೆ ಹೀಗೇ ಒಂದು ದಿನಕ್ಕೆಂದು ಹೋದವನು ಕಾರ್ತೀಕ ಮಾಸ ಮುಗಿಯುವವರೆಗೂ ಅಲ್ಲಿಗೇ ಅಂಟಿಕೊಂಡೆ.

ಯಂತ್ರ ತರಿಸಿದ್ದು ಆ ಊರಿನ ಎಂಟು ಜನ ಹೆಂಗಸರ ಒಂದು ಸಂಘ. ಅದರ ಮುಂದಾಳು ಶಿವಮ್ಮ. ನಲವತ್ತು ದಾಟಿದ, ಹಣೆ ತುಂಬ ವಿಭೂತಿ ಹಚ್ಚಿದ, ಎದುರಿಗಿರುವವರ ಮಾತು ಮುಗಿಯುವವರೆಗೆ ಕಣ್ಣು ಮಿಟುಕಿಸದೆ ಕೇಳುವ ಹೆಂಗಸು. ರೇಷ್ಮೆಹುಳು ಸಾಕುವುದನ್ನು ಬಿಟ್ಟ ಮೇಲೆ ಖಾಲಿ ಬಿದ್ದಿದ್ದ ಒಂದು ಉದ್ದನೆಯ ಮನೆಯಲ್ಲಿ ಯಂತ್ರ ಇಳಿಸಿಕೊಂಡಿದ್ದರು. ಹೋಗಿ ನೋಡಿದರೆ ಯಂತ್ರಕ್ಕೆ ಕುಂಕುಮ, ಚೆಂಡುಹೂವಿನ ಹಾರ.

"ಬನ್ನಿ ಸಾ. ಪೂಜೆ ಮಾಡಿ ಮಡಗಿವಿ. ನೀವು ಬಂದು ಜೀವ ಕೊಡದೊಂದೇ ಬಾಕಿ" ಎಂದಳು ಶಿವಮ್ಮ.

ಆ ಊರಲ್ಲಿ ಬಾಳೆ ಬಹಳ. ಗೊನೆ ಕಡಿದ ಮೇಲೆ ದಿಂಡು ನಾಲೆಯ ಏರಿ ಮೇಲೆ ಬಿದ್ದು ಕೊಳೆಯುತ್ತಿತ್ತು. ಅದರ ಹೊರಗಿನ ಪಟ್ಟೆ ಸುಲಿದು ಒಣಗಿಸಿ, ನೆನೆಸಿ ಮೆತ್ತಗೆ ಮಾಡಿ, ಎರಡು ಪದರ ಅಡ್ಡಡ್ಡ ಇಟ್ಟು ಒತ್ತಿದರೆ ತಟ್ಟೆ. ಪಟ್ಟೆ ಆರಿಸುವುದರಲ್ಲಿ ಶಿವಮ್ಮನನ್ನು ಮೀರಿಸುವವರನ್ನು ನಾನು ಈವರೆಗೂ ಕಂಡಿಲ್ಲ. ಹೊರಗಿನ ಎರಡು ಪದರ ಬಿಸಿಲಿಗೆ ಸತ್ತಿರುತ್ತದೆಂದು ಎಸೆಯುತ್ತಿದ್ದಳು, ಒಳಗಿನದು ಇನ್ನೂ ಎಳೆಯದು ಎಂದು ಬಿಡುತ್ತಿದ್ದಳು. ನಡುವಿನದನ್ನು ಉಗುರಿನಲ್ಲಿ ಮೆಲ್ಲಗೆ ಒತ್ತಿ, ಕಿವಿಯ ಹತ್ತಿರ ಹಿಡಿದು ಬಗ್ಗಿಸಿ, ಶಬ್ದ ಕೇಳಿ ಇದು ಬೇಕು ಇದು ಬೇಡ ಎನ್ನುತ್ತಿದ್ದಳು. ನಾನು ತಮಾಷೆಗೆ, ಅವಳು ಬೇಡವೆಂದದ್ದನ್ನೇ ತೆಗೆದು ಒತ್ತಿ ನೋಡಿದೆ. ಸರಿಯಾಗಿ ನಡುವಿಗೆ ಸೀಳಿತು. ಆಮೇಲೆ ಪಟ್ಟೆ ಆರಿಸುವುದನ್ನು ಅವಳಿಗೇ ಬಿಟ್ಟೆ.

ತಟ್ಟೆ ಬೇಕಾಗಿದ್ದು ಊರಿನ ಮಠಕ್ಕೆ. ಸಣ್ಣ ಮಠ. ಆದರೆ ಕಾರ್ತೀಕದ ಸೋಮವಾರಗಳಲ್ಲಿ ಸುತ್ತಲ ಊರಿನವರೆಲ್ಲ ದಾಸೋಹಕ್ಕೆ ಬರುತ್ತಿದ್ದರು. ಹಿಂದಿನ ವರ್ಷದವರೆಗೆ ಅಲ್ಲಿ ಒಳಮೈಗೆ ತೆಳ್ಳಗೆ ಪ್ಲಾಸ್ಟಿಕ್ ಅಂಟಿಸಿದ ಕಾಗದದ ತಟ್ಟೆ. ಉಂಡು ಹಿತ್ತಲಲ್ಲಿ ಎಸೆಯುತ್ತಿದ್ದರು. ಈ ವರ್ಷ ತಟ್ಟೆ ನಾನು ಕೊಡುತ್ತೇನೆ ಎಂದು ಶಿವಮ್ಮ ಮಠದ ಅಂಗಳದಲ್ಲಿ ಎಲ್ಲರೆದುರು ಎದ್ದು ನಿಂತು ಹೇಳಿಬಿಟ್ಟಿದ್ದಳಂತೆ. ದಾಸೋಹದ ಉಸ್ತುವಾರಿ ಗುರುಸಿದ್ದಪ್ಪನವರದು. ಎಂಬತ್ತರ ಹತ್ತಿರದ ಮುದುಕರು, ಬಿಳಿ ಪಂಚೆ, ಕೈ ಸ್ವಲ್ಪ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ. "ಕಾರ್ತೀಕದಲ್ಲಿ ನೋಡಮ ಕಣವ್ವ. ಸರಿ ಓಯ್ತು ಅಂದ್ರೆ ವರ್ಷಪೂರ್ತಿ ನಿಂದೇ. ಇಲ್ದಿದ್ರೆ ಕಡೇ ಸೋಮವಾರ ಕಳೀತಲೇ ಪ್ಯಾಟೆಗೆ ಯೋಳಿ ಕಾಗ್ದದ್ದೇ ತರಿಸ್ತೀನಿ" ಎಂದಿದ್ದರು.

ಪಂಕ್ತಿ ನೋಡಿಕೊಂಡೇ ಹೋಗಿ ಎಂದು ಅವರು ನನ್ನನ್ನು ಉಳಿಸಿಕೊಂಡರು. ಮೊದಲ ಸೋಮವಾರಕ್ಕೆ ಮುನ್ನೂರು ತಟ್ಟೆ ಒತ್ತಿದೆವು. ಅಚ್ಚು ಬೆಂಗಳೂರಿನ ಹೋಟೆಲುಗಳಿಗೆಂದು ಮಾಡಿದ್ದ ನಕ್ಷೆಯದು: ಅಗಲ, ಚಪ್ಪಟೆ, ಅಂಚು ಅರ್ಧ ಬೆರಳು. ಪದರಗಳ ನಡುವೆ ಮೈದಾ ಅಂಟು. ನೋಡಲು ಬಹಳ ಚೆಂದ. ಪಂಕ್ತಿಯಲ್ಲಿ ಜನ ಕೂತರು, ಅನ್ನ ಬಂತು, ಹುಳಿ ಬಂತು, ಕುಂಬಳಕಾಯಿ ಪಲ್ಯ, ಸಿಹಿಪೊಂಗಲು, ಕೊನೆಗೆ ಮಜ್ಜಿಗೆ. ಒಂದೇ ಒಂದು ತಟ್ಟೆ ಸೋರಲಿಲ್ಲ. ನಾನು ಕಂಬಕ್ಕೆ ಒರಗಿ, ಕೈಕಟ್ಟಿ ನಿಂತು, ಮದುವೆಯ ಗಂಡಿನ ಅಪ್ಪನಂತೆ ಎಲ್ಲರನ್ನೂ ನೋಡುತ್ತಿದ್ದೆ.

ಊಟ ಮುಗಿಯಿತೆಂದು ನಾನು ಅಂದುಕೊಂಡೆ. ಮುಗಿದಿರಲಿಲ್ಲ. ಗುರುಸಿದ್ದಪ್ಪನವರು ಚೊಂಬಿನಿಂದ ತಟ್ಟೆಗೆ ನೀರು ಹುಯ್ದುಕೊಂಡರು. ಬೆರಳಿನಿಂದ ತಟ್ಟೆಯನ್ನೆಲ್ಲ ಸವರಿ, ಅಂಟಿದ ಅಗುಳು, ಬೇಳೆ ಎಲ್ಲ ನೀರಿಗೆ ಬರುವಂತೆ ತೊಳೆದರು. ಆ ಸಾಲಿನ ಹಿರಿಯರೆಲ್ಲ ಹಾಗೇ ಮಾಡಿದರು. ಪ್ರಸಾದದ ಒಂದಗುಳೂ ಹಾಳಾಗಬಾರದು, ತೊಳೆದ ನೀರನ್ನೂ ಕುಡಿಯಬೇಕು ಎಂಬುದು ಅವರ ನೇಮ. ನಂಜನಗೂಡಿನಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿಲ್ಲದ್ದೇನಲ್ಲ, ಆದರೆ ಅಚ್ಚು ಮಾಡುವಾಗ ತಲೆಗೆ ಹೊಳೆದಿರಲಿಲ್ಲ. ಅವರು ಎರಡೂ ಕೈಯಲ್ಲಿ ತಟ್ಟೆ ಎತ್ತಿ ಬಾಯಿಗೆ ತಂದರು. ನೆನೆದ ಅಂಟು ಬಿಟ್ಟಿತು. ತಟ್ಟೆ ನಡುವಿಗೆ ಮಡಿಚಿಕೊಂಡು ನೀರೆಲ್ಲ ಮೊಣಕೈಯಿಂದ ಇಳಿದು ಬಿಳಿ ಪಂಚೆಯ ಮೇಲೆ, ನೆಲದ ಮೇಲೆ ಹರಿಯಿತು. ಸಾಲಿನಲ್ಲಿ ಒಬ್ಬೊಬ್ಬರದೂ ಅದೇ ಗತಿ.

ಯಾರೂ ಬೈಯಲಿಲ್ಲ. ಗುರುಸಿದ್ದಪ್ಪನವರು ನೆಲದ ಮೇಲೆ ಬಿದ್ದ ಅಗುಳನ್ನು ಒಂದೊಂದಾಗಿ ಆರಿಸಿ ಬಾಯಿಗೆ ಹಾಕಿಕೊಂಡು, "ಪ್ರಸಾದ ನೆಲಕ್ಕೋಯ್ತಲ್ಲವ್ವ ಶಿವಮ್ಮ" ಎಂದರು.

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ನೀರು ಕುಡಿಯೋಕೆ ಲೋಟ ಇದೆಯಲ್ಲ ಸ್ವಾಮಿ" ಎಂದೆ.

ಅವರು ನನ್ನ ಕಡೆ ತಿರುಗಿ ನಿಧಾನಕ್ಕೆ ನೋಡಿದರು. "ಲೋಟ ಅದೆ ಕಣಪ್ಪ. ಲೋಟದಲ್ಲಿ ಪ್ರಸಾದ ಇಲ್ವಲ್ಲ. ಆ ಕಾಗ್ದದ ತಟ್ಟೆ ಏನೇ ಆಗ್ಲಿ, ಸೋರ್ತಿರ್ನಿಲ್ಲ."

ನಿಜ, ಅದು ಸೋರುತ್ತಿರಲಿಲ್ಲ. ಮಾರನೆಯ ದಿನ ಶಿವಮ್ಮನ ಮನೆಯಲ್ಲಿ ಕಾಫಿ ಕುಡಿಯುವಾಗ ನಾನೂ ಅದನ್ನೇ ಅಂದೆ. ಅವಳು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಅಲ್ಲಿ ವರ್ಷ ತುಂಬಿದ ಒಂದು ಹೆಣ್ಣುಗರು. ಹಿಂದಿನ ದಿನ ಅದನ್ನು ಗೂಟಕ್ಕೆ ಗಿಡ್ಡನೆಯ ಕಣ್ಣಿಹಗ್ಗ ಹಾಕಿ, ತಲೆ ಅಲ್ಲಾಡಿಸಲೂ ಆಗದಂತೆ ಕಟ್ಟಿದ್ದನ್ನು ನೋಡಿದ್ದೆ. ಈ ದಿನ ಕಣ್ಣಿ ಬಿಚ್ಚಿತ್ತು, ಆರಾಮಾಗಿ ಅಡ್ಡಾಡುತ್ತಿತ್ತು.

"ಇವ್ಳು ಸೋಮಿ. ಇವ್ಳವ್ವ ಗೌರಿ ಅಂತ ಇತ್ತು ಸಾ. ಓದ್ವರ್ಷದ ಕಾರ್ತೀಕದಲ್ಲಿ ಮಠದ ಇತ್ತಲಿಗೋಗಿ ಆ ತಟ್ಟೆ ತಿನ್ಕೊಂಡು ಬರದು. ಉಪ್ಪುಉಳಿ ಅಂಟಿರ್ತದಲ್ಲ, ರುಚಿ. ಒಟ್ಟೆ ಉಬ್ಬರ್ಸಿ ಬಿದ್ಕತು. ಡಾಕ್ಟ್ರು ಕುಯ್ದು ತಗುದ್ರು, ಒಂದು ಬಾಂಡ್ಲಿ ತುಂಬ ಬರೀ ಪ್ಲಾಸ್ಟಿಕ್ಕು. ಉಳೀನಿಲ್ಲ. ಇವ್ಳು ಆವಾಗ ಅದಿನೈದು ದಿನದ ಕರ. ನಾನೇ ಬಾಟ್ಲೀಲಿ ಆಲು ಕುಡ್ಸಿ ಸಾಕ್ದೆ." ಅವಳು ಕರುವಿನ ಗಂಗೆದೊಗಲು ಸವರಿದಳು. "ಈಗ ಇವ್ಳೂ ಅದೇ ಇತ್ತಲಿಗೆ ಓಡ್ತಾಳೆ. ಅದ್ಕೆ ಮಠದಲ್ಲಿ ಊಟ ಇದ್ದ ದಿನವೆಲ್ಲ ಕಟ್ಟಾಕದು. ನಮ್ ತಟ್ಟೆ ನಿಲ್ಲೋಗಂಟ ಇತ್ತಲಿನ ಆಸೆ ಕಲೀಬಾರ್ದಲ್ಲ. ಎಷ್ಟು ವರ್ಷ ಅಂತ ಕಟ್ಟಾಕ್ಲಿ?"

ಸೋರದ ತಟ್ಟೆ ಹಸುವನ್ನು ಕೊಲ್ಲುತ್ತದೆ. ಹಸು ತಿನ್ನಬಹುದಾದ ತಟ್ಟೆ ಸೋರುತ್ತದೆ. ನನ್ನ ಯಂತ್ರ ನಿಂತಿದ್ದದ್ದು ಈ ಎರಡರ ನಡುವೆ. ಒಂದು ದಿನಕ್ಕೆ ಬಂದಿದ್ದ ನಾನು ಅವತ್ತು ಬಸ್ಸು ಹತ್ತಿ ವರ್ಕ್‌ಶಾಪಿಗೆ ಹೋಗಿ, ಯಂತ್ರದಲ್ಲಿ ಸಣ್ಣ ತೊಂದರೆ ಇದೆ, ಸರಿಯಾಗುವವರೆಗೆ ಹೋಗಿಬರುತ್ತೇನೆ ಎಂದು ಮಾಲೀಕರಿಗೆ ಹೇಳಿದೆ. ತೊಂದರೆ ಯಂತ್ರದ್ದಲ್ಲ, ನನ್ನದು ಎಂದು ಹೇಳಲಿಲ್ಲ.

ಎರಡನೆಯ ವಾರ ನನ್ನ ಬುದ್ಧಿವಂತಿಕೆಯ ವಾರ. ಫಿಟ್ಟರಿಗೆ ಗೊತ್ತಿರುವುದು ಎರಡೇ: ಬಿಸಿ ಜಾಸ್ತಿ ಮಾಡು, ಒತ್ತಡ ಜಾಸ್ತಿ ಮಾಡು. ಎರಡನ್ನೂ ಮಾಡಿದೆ. ತಟ್ಟೆಗಳು ಕೆಂಪಗೆ ಹುರಿದುಕೊಂಡು ಮುಟ್ಟಿದರೆ ಪಟಪಟ ಮುರಿಯತೊಡಗಿದವು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. "ಸಾ, ಅಪ್ಪಳ ಚೆನ್ನಾಗ್ ಬಂದದೆ. ಎಣ್ಣೆ ಕಾಯಕ್ಕೆ ಮಡಗ್ಲಾ?" ಎಂದಳು ಶಿವಮ್ಮ. ಎರಡನೆಯ ಸೋಮವಾರ ಮಠದವರು ಬಾಳೆಎಲೆ ಹಾಸಿ ಸುಧಾರಿಸಿದರು. ಎಲೆಯನ್ನು ಎತ್ತಿ ನೀರು ಕುಡಿಯಲಾಗದೆ ಹಿರಿಯರ ನೇಮ ಆ ದಿನ ತಪ್ಪಿತು. ನಾವು ಆ ಕಡೆ ತಲೆ ಹಾಕಲಿಲ್ಲ.

ದಾರಿ ಕಂಡದ್ದು ಒಂದು ಕಂಬಳಿಯಿಂದ. ಮೂರನೆಯ ವಾರದ ಮೊದಲೆರಡು ದಿನ ಸೋನೆಮಳೆ. ಪಟ್ಟೆ ಒಣಗುತ್ತಿರಲಿಲ್ಲ, ನಾಲೆಯ ಕೆಳಗಿನ ಭತ್ತ ತೆನೆ ಬಗ್ಗಿಸಿಕೊಂಡು ನಿಂತಿತ್ತು. ಪಕ್ಕದ ಬೀದಿಯ ಕಾಳಮ್ಮ, ಕುರಿ ಸಾಕುವ ಮನೆಯವಳು, ತಲೆಯ ಮೇಲೆ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದು ಬಾಗಿಲಲ್ಲಿ ಅದನ್ನು ಕೊಡವಿದಳು. ಹನಿಗಳೆಲ್ಲ ಜಾರಿ ಬಿದ್ದವು. ಶಿವಮ್ಮ ಪಟ್ಟೆ ಆರಿಸುತ್ತಿದ್ದ ಕೈ ನಿಲ್ಲಿಸಿ ಅದನ್ನೇ ನೋಡಿದಳು. ಆಮೇಲೆ ಎದ್ದು ಕಂಬಳಿ ಕಿತ್ತುಕೊಂಡು, ನಡುವೆ ತಗ್ಗು ಬರುವಂತೆ ನೆಲದ ಮೇಲೆ ಹಾಸಿ, ಒಂದು ಚೊಂಬು ನೀರು ಹುಯ್ದಳು. ನೀರು ಅಲ್ಲೇ ನಿಂತಿತು.

"ಕಾಳಮ್ಮ, ಇದ್ಕೆ ಏನ್ ಅಂಟಾಕ್ತೀರಿ?"

"ಇನ್ನೇನಾಕ್ತರವ್ವ, ಉಣಸೆಬೀಜದ್ದು. ಉರುದು, ಸಿಪ್ಪೆ ತಗುದು, ನುಣ್ಣಗೆ ಬೀಸಿ ಬೇಯ್ಸದು. ನಮ್ ತಾತನ ಕಾಲ್ದಿಂದ್ಲೂ ಅದೇಯ."

ಉಣ್ಣೆಗೆ ಹಾಕಿದ್ದು ಬಾಳೆಗೆ ನಡೆಯುವುದಿಲ್ಲ ಎಂದು ನಾನು ವಾದ ಹೂಡಿದೆ. ನನ್ನ ವಾದ ಮುಗಿಯುವುದರೊಳಗೆ ಇಬ್ಬರು ಹೆಂಗಸರು ರಸ್ತೆಬದಿಯ ಹುಣಸೆಮರದವರ ಮನೆಗೆ ಬೀಜ ಕೇಳಲು ಹೋಗಿಯಾಗಿತ್ತು. ಆ ಸಂಜೆ ಪದರಗಳ ನಡುವೆಯೂ ಮೇಲೂ ಆ ಗೋಂದು ಸವರಿ ಒತ್ತಿದ ತಟ್ಟೆಗೆ ನೀರು ತುಂಬಿಟ್ಟು ನೋಡಿದೆವು. ಒಲೆಯ ಮೇಲೆ ಅನ್ನ ಬೆಂದು, ಇಳಿಸಿ, ಎಲ್ಲರೂ ಊಟ ಮಾಡಿ ಎದ್ದರೂ ಅಡಿ ಒಣಗಿಯೇ ಇತ್ತು. ನಾನು ಕಲಿಸಲು ಹೋದ ಮನೆಯಲ್ಲಿ ಕಲಿತು ಕೂತಿದ್ದೆ. ಅದನ್ನು ಒಪ್ಪಿಕೊಳ್ಳಲು ಆಗ ಸ್ವಲ್ಪ ಕಷ್ಟವಾಯಿತು, ಈಗ ಹೆಮ್ಮೆಯಿಂದ ಹೇಳುತ್ತೇನೆ.

ನನ್ನ ಪಾಲಿಗೆ ಉಳಿದದ್ದು ಅಚ್ಚು. ಶಿವಮ್ಮ ಉಪಾಯವಾಗಿ ಗುರುಸಿದ್ದಪ್ಪನವರ ಮನೆಯಿಂದ ಅವರು ದಿನವೂ ಉಣ್ಣುವ ಹಿತ್ತಾಳೆ ಗಂಗಾಳವನ್ನೇ ತಂದುಕೊಟ್ಟಳು. ಅದರ ಆಳ, ಅಂಚಿನ ಇಳಿಜಾರು ಎಲ್ಲ ಅಳೆದು ವರ್ಕ್‌ಶಾಪಿನಲ್ಲಿ ಹೊಸ ಅಚ್ಚು ಕಡೆದೆ. ನಡುಗುವ ಕೈಯಲ್ಲಿ ಜಾರಬಾರದೆಂದು ಹೆಬ್ಬೆರಳಿಗೆ ಎರಡು ತಗ್ಗು ಕೊರೆದೆ. ಯಾರ ಆರ್ಡರಿದು ಎಂದು ಮಾಲೀಕರು ಕೇಳಿದರು. ಒಬ್ಬ ಮುದುಕರದು ಎಂದೆ.

ಮೂರನೆಯ ಸೋಮವಾರಕ್ಕೆ ಗೆದ್ದೆವೆಂದೇ ತಿಳಿದಿದ್ದೆ. ಶುಕ್ರವಾರ ತಟ್ಟೆ ಒತ್ತಿ ಮುಗಿಸಿ ನಾನು ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ಬಂದಾಗ ಕಟ್ಟುಗಳಿಗೆಲ್ಲ ವಿಭೂತಿ, ಹೂವು. ಬಿಚ್ಚಿದರೆ ಒಳಗಿನ ತಟ್ಟೆಗಳ ಮೇಲೆಲ್ಲ ಬೆಳ್ಳಗೆ ಪುಡಿ. ಒಬ್ಬಳು ಕೈ ಮುಗಿದೇಬಿಟ್ಟಳು: "ಅಯ್ಯೋ ಶಿವನೆ, ಮ್ಯಾಲಿಟ್ಟ ವಿಭೂತಿ ಒಳಗೆಲ್ಲ ಇಳುದದೆ ನೋಡ್ರವ್ವ!"

ನಾನು ಮೂಸಿ ನೋಡಿದೆ. ಬೂಷ್ಟು.

ವಿಚಾರಿಸಿದರೆ ಆದದ್ದಿಷ್ಟು. ಪ್ರಸಾದಕ್ಕೆ ಹೋಗುವ ಪಾತ್ರೆ ತೊಳೆಯದೆ ಹೇಗೆ ಕೊಡುವುದು ಎಂದು, ಶನಿವಾರ ಎಂಟೂ ಜನ ತಟ್ಟೆಗಳನ್ನು ಬುಟ್ಟಿಯಲ್ಲಿ ಹೊತ್ತು ಕಪಿಲಾ ಹೊಳೆಗೆ ಹೋಗಿ ಒಂದೊಂದನ್ನೂ ಮುಳುಗಿಸಿ ಸ್ನಾನ ಮಾಡಿಸಿದ್ದರು. ಅರ್ಧ ದಿನದ ಮಂಕು ಬಿಸಿಲಿಗೆ ಆರಿಸಿ, ಬಿಗಿಯಾಗಿ ಕಟ್ಟಿ, ಪೂಜೆ ಮಾಡಿದ್ದರು. ಮಠದಲ್ಲಿ ಆ ಸೋಮವಾರವೂ ಬಾಳೆಎಲೆಯೇ.

ನನಗೆ ರೇಗಿತು. "ಬಿಸಿ ಅಚ್ಚಲ್ಲಿ ಬೆಂದು ಬಂದಿರೋದಕ್ಕೆ ಸ್ನಾನ ಮಾಡಿಸ್ತೀರಲ್ಲ, ನಿಮಗೇನು ತಲೆಗಿಲೆ ಕೆಟ್ಟಿದೆಯಾ?" ಎಂದು ಕೂಗಾಡಿದೆ. ಶಿವಮ್ಮ ಜಗಲಿಯ ಮೇಲೆ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇರೋದು ಇನ್ನೊಂದೇ ಸೋಮವಾರ ಸಾ. ನಾನೇ ಕೈಯಾರೆ ಕೆಡ್ಸುಬುಟ್ಟೆ" ಎಂದಳು. ಕೂಗಾಡಿದ್ದಕ್ಕೆ ನನಗೆ ನಾಚಿಕೆಯಾಯಿತು. ಅವರ ಜಾಗದಲ್ಲಿ ನನ್ನ ತಾಯಿ ಇದ್ದರೂ ಅದನ್ನೇ ಮಾಡುತ್ತಿದ್ದಳು.

ಸ್ವಲ್ಪ ಹೊತ್ತಾದ ಮೇಲೆ ಅವಳ ಪಕ್ಕ ಕೂತು ಕೇಳಿದೆ. "ಪಟ್ಟೆನ ಹೇಗಿದ್ರೂ ಒತ್ತೋಕೆ ಮುಂಚೆ ನೆನೆಸಲೇಬೇಕಲ್ಲ ಶಿವಮ್ಮ. ಆ ನೆನೆಸೋದನ್ನೇ ಹೊಳೇಲಿ ಮಾಡಿದ್ರೆ?"

ಅವಳು ಕಣ್ಣೊರೆಸಿಕೊಂಡು ಯೋಚಿಸಿದಳು. "ಮೊದ್ಲು ಮಿಂದು, ಆಮೇಲೆ ಬೆಂಕಿ ಕಾಣದು."

"ಹೂಂ."

"ಆಗಬೋದು ಸಾ. ಮಿಂದು ಬೆಂಕಿ ಕಂಡ್ ಮ್ಯಾಲೆ ಇನ್ಯಾವ ಮೈಲಿಗೆ?" ಎಂದು ಎದ್ದಳು. ಎದ್ದವಳು ಆ ವಾರವೆಲ್ಲ ಕೂತದ್ದನ್ನು ನಾನು ಕಾಣಲಿಲ್ಲ.

ಕೊನೆಯ ವಾರದ ಕೆಲಸ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೊಳೆಯಲ್ಲಿ ನೆಂದ ಪಟ್ಟೆ ಬುಟ್ಟಿಯಲ್ಲಿ ಬರುತ್ತಿತ್ತು. ಒಬ್ಬಳು ಒರೆಸುವುದು, ಒಬ್ಬಳು ಅಡ್ಡಡ್ಡ ಜೋಡಿಸುವುದು, ಕಾಳಮ್ಮ ಗೋಂದು ಸವರುವುದು, ಶಿವಮ್ಮ ಯಂತ್ರದ ಮುಂದೆ. ಅಚ್ಚಿನಿಂದ ಏಳುವ ಹಬೆಯ ಸದ್ದು ಕೇಳಿಯೇ ತಟ್ಟೆ ಬೆಂದಿತೋ ಇಲ್ಲವೋ ಹೇಳುತ್ತಿದ್ದಳು. ನಾನು ಗಡಿಯಾರ ನೋಡುವುದನ್ನು ಬಿಟ್ಟು ಅವಳ ಮುಖ ನೋಡತೊಡಗಿದೆ. ಶನಿವಾರ ಮತ್ತೆ ಮಳೆ ಹಿಡಿಯಿತು. ಹಿಂದೆ ರೇಷ್ಮೆಹುಳು ಬಿಡುತ್ತಿದ್ದ ಬಿದಿರು ತಟ್ಟಿಗಳನ್ನು ಅಟ್ಟದಿಂದ ಇಳಿಸಿ, ತಟ್ಟೆಗಳನ್ನು ಹರಡಿ, ಕೆಳಗೆ ಬೂದಿ ಮುಚ್ಚಿದ ಕೆಂಡವಿಟ್ಟು ಒಣಗಿಸಿದರು. ಹುಳುವಿಗೆ ಎಷ್ಟು ಶಾಖ ಬೇಕು ಎಂದು ಬಲ್ಲ ಕೈಗಳು ಅವು, ಒಂದು ತಟ್ಟೆಯೂ ಸೊಟ್ಟಗಾಗಲಿಲ್ಲ. ಈ ಸಲ ಕಟ್ಟು ಬಿಗಿಯಲಿಲ್ಲ. ಪೂಜೆ ಮಾತ್ರ ಬಿಡಲಿಲ್ಲ.

ಕಡೆಯ ಸೋಮವಾರ ಮಳೆ ಬಿಟ್ಟು ಬಿಸಿಲು ಬಂತು. ಪಂಕ್ತಿ ಕೂತಿತು. ಈ ಸಲ ನಾನು ಕಂಬಕ್ಕೆ ಒರಗಲಿಲ್ಲ, ನೀರಿನ ಚೊಂಬು ಹಿಡಿದು ಸಾಲಿನಲ್ಲಿ ಓಡಾಡಿದೆ. ಊಟ ಮುಗಿಯಿತು. ಗುರುಸಿದ್ದಪ್ಪನವರು ತಟ್ಟೆಗೆ ನೀರು ಹಾಕಿಸಿಕೊಂಡರು. ಬೆರಳಾಡಿಸಿ ತೊಳೆದರು. ಆಮೇಲೆ ಬೇಕೆಂದೇ ಸುಮ್ಮನೆ ಕೂತರು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ, ಎಷ್ಟೋ ಹೊತ್ತು. ಇಡೀ ಸಾಲು ಅವರನ್ನೇ ನೋಡುತ್ತಿತ್ತು. ಕಣ್ಣು ಬಿಟ್ಟು ತಟ್ಟೆಯ ಅಡಿಗೆ ಬೆರಳು ತೂರಿಸಿ ನೋಡಿದರು. ಹೆಬ್ಬೆರಳು ಎರಡೂ ತಗ್ಗಿನಲ್ಲಿ ತಾವಾಗಿಯೇ ಕೂತವು. ಎತ್ತಿದರು, ಗಟಗಟ ಕುಡಿದರು. ಒಂದು ಹನಿ ಬೀಳಲಿಲ್ಲ.

"ಇನ್ನೊಸಿ ನೀರಾಕಪ್ಪ" ಎಂದು ತಟ್ಟೆ ನನ್ನ ಕಡೆ ಚಾಚಿದರು. ಎರಡನೆಯ ಸಲವೂ ಕುಡಿದು, ಬಾಯಿ ಒರೆಸಿಕೊಂಡು, "ನಮ್ಮನೆ ಗಂಗಾಳ ಇದ್ದಂಗೇ ಅದಲ್ಲೋ!" ಎಂದರು. ಗಂಗಾಳ ಎರಡು ದಿನ ಮನೆಯಿಂದ ಕಾಣೆಯಾಗಿದ್ದದ್ದು ಅವರಿಗೆ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. "ಶಿವಮ್ಮ ಎಲ್ಲವಳೆ, ಕರೀರಿ. ಕಾಗ್ದದ್ದು ಬ್ಯಾಡ ಅಂತ ಯೋಳ್ಬೇಕು."

ಶಿವಮ್ಮ ಇರಲಿಲ್ಲ. ಆ ಮಾತು ಕೇಳಲೆಂದೇ ಒಂದು ತಿಂಗಳು ಜೀವ ತೇದವಳು ಅವರು ಎರಡನೆಯ ಸಲ ನೀರು ಕೇಳಿದಾಗಲೇ ಎದ್ದು ಹೋಗಿದ್ದಳು. ನಾನು ಹುಡುಕಿಕೊಂಡು ಹಿತ್ತಲ ಕಡೆ ಹೋದೆ. ಉಂಡು ಎಸೆದ ತಟ್ಟೆಗಳ ಗುಡ್ಡೆ ಅಲ್ಲಿತ್ತು. ಬೇಲಿಯ ಆಚೆಯಿಂದ ಶಿವಮ್ಮ ಸೋಮಿಯನ್ನು ಹಿಡಿದುಕೊಂಡು ಬರುತ್ತಿದ್ದಳು. ಗುಡ್ಡೆಯ ಹತ್ತಿರ ಬಂದು ನಿಂತಳು. ಒಂದು ತಟ್ಟೆ ಎತ್ತಿ, ಮುರಿದು, ಮೂಸಿ, ಒಂದು ಚೂರನ್ನು ತನ್ನ ಬಾಯಿಗೇ ಹಾಕಿಕೊಂಡು ಅಗಿದಳು. ಆಮೇಲೆ ಬಗ್ಗಿ ಕರುವಿನ ಕೊರಳ ಕಣ್ಣಿ ಬಿಚ್ಚಿ ಅತ್ತ ಬಿಸಾಡಿದಳು.

ಸೋಮಿ ಮೊದಲು ನಂಬಲಿಲ್ಲ. ಒಂದು ಹೆಜ್ಜೆ ಇಟ್ಟು ತಿರುಗಿ ಅವಳನ್ನು ನೋಡಿತು. ಆಮೇಲೆ ಗುಡ್ಡೆಗೆ ಮೂತಿ ಹಾಕಿ ಹುಳಿ ಮೆತ್ತಿದ ಒಂದು ತಟ್ಟೆಯನ್ನು ಎಳೆದುಕೊಂಡು ಕರಕರ ಅಗಿಯತೊಡಗಿತು.

"ತಿನ್ನವ್ವ. ನಿಮ್ಮವ್ವಂಗೆ ಇದು ಸಿಗ್ನಿಲ್ಲ" ಎಂದಳು ಶಿವಮ್ಮ. ಒಳಗಿನಿಂದ ಅವಳನ್ನು ಕೂಗುತ್ತಿದ್ದರು. ಅವಳು ಕೇಳಿಸಿಕೊಳ್ಳಲಿಲ್ಲ. ನನಗೂ ಅವಳನ್ನು ಕರೆಯಲು ಮನಸ್ಸಾಗಲಿಲ್ಲ.

ನರಸೀಪುರದ ಛತ್ರದಲ್ಲಿ ಊಟ ಮುಗಿಯಿತು. ಅಡುಗೆಯವರನ್ನು ಕೇಳಿದೆ. ಹುಲ್ಲಹಳ್ಳಿ ಕಡೆಯಿಂದ ಬರುತ್ತದೆ, ಹೆಂಗಸರೇ ಮಾಡೋದು, ಮುಂಚೆಯೇ ಹೇಳದಿದ್ದರೆ ಸಿಗುವುದಿಲ್ಲ ಎಂದರು. ನಾನು ತಟ್ಟೆಗೆ ನೀರು ಹುಯ್ದುಕೊಂಡು, ಬೆರಳಾಡಿಸಿ ತೊಳೆದು, ಎರಡೂ ಕೈಯಲ್ಲಿ ಎತ್ತಿ ಕುಡಿದೆ. ಹೆಬ್ಬೆರಳು ತಗ್ಗಿನಲ್ಲಿ ಕೂತವು. ಪ್ರೇಮಾ ಬಾಯಿ ಬಿಟ್ಟುಕೊಂಡು ನೋಡಿದಳು. "ಇದ್ಯಾವಾಗಿಂದ ಶುರುವಾಯ್ತು ನಿಮ್ಮ ನೇಮ?"

ಕೈ ತೊಳೆದು ಹೊರಗೆ ಬಂದು ಶಿವಮ್ಮನಿಗೆ ಫೋನ್ ಮಾಡಿದೆ. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ಅಚ್ಚು ಸವೆದಿದೆ, ಬಂದು ನೋಡಿ ಎಂದು ಮೊದಲು ಜೋರು ಮಾಡಿದಳು. ಗುರುಸಿದ್ದಪ್ಪನವರು ಈಗಲೂ ಎರಡು ಸಲ ನೀರು ಹಾಕಿಸಿಕೊಳ್ಳುತ್ತಾರಂತೆ. ಸೋಮಿ ಮೊನ್ನೆ ಎರಡನೆಯ ಕರು ಹಾಕಿದೆಯಂತೆ.

"ಸೋಮವಾರ ಈಗ್ಲೂ ಕಟ್ತೀರಾ ಅದನ್ನ?" ಎಂದು ಕೇಳಿದೆ.

ಶಿವಮ್ಮ ನಕ್ಕಳು. "ಕಟ್ಟಕ್ಕೆ ಕಣ್ಣಿ ಬೇಕಲ್ಲ ಸಾ. ಅದ್ನ ಅವತ್ತು ಇತ್ತಲಲ್ಲಿ ಬಿಸಾಕ್ದವಳು ಇನ್ನೂ ಉಡುಕ್ನೇ ಇಲ್ಲ."